ಹೊರದೇಶದ ಕೆಲಸಕ್ಕೆ ಸಿವಿ: ನಾಲ್ಕು ಪುಟದ ಬಯೋಡಾಟಾ ಕಳಿಸಿದರೆ ನಡೆಯುತ್ತಾ?

ಗೋಕುಲ ರೋಡ್ ಸಿಎನ್‌ಸಿ:
ಎಲ್ಲರಿಗೂ ನಮಸ್ಕಾರ ರೀ. ಮೆಕ್ಯಾನಿಕಲ್ ಡಿಪ್ಲೊಮಾ ಆಗಿದೆ. ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ಒಂದು ವಾಲ್ವ್ ಕಂಪನಿಯಲ್ಲಿ ಏಳು ವರ್ಷದಿಂದ ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಂನಿಂದ ಲೋಹ ಕತ್ತರಿಸುವ ಮೆಷಿನ್) ಮೇಲೆ ಕೆಲಸ. ಜರ್ಮನಿ ಇಲ್ಲಾ ದುಬೈ ಕಡೆ ನೋಡೋಣ ಅಂತ ಮನಸ್ಸಿದೆ. ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ ಬಯೋಡಾಟಾ ಇದೆ, ನಾಲ್ಕು ಪುಟ. ಮೊದಲ ಪುಟದಲ್ಲಿ ಆಬ್ಜೆಕ್ಟಿವ್, ಕೊನೆ ಪುಟದಲ್ಲಿ ತಂದೆ ಹೆಸರು, ಹವ್ಯಾಸ, ಡಿಕ್ಲರೇಷನ್, ಸಹಿ. ಇದನ್ನೇ ಎರಡೂ ಕಡೆ ಕಳಿಸಬಹುದಾ? ಫೋಟೊ ಹಾಕಬೇಕಾ? ಒಬ್ಬರು ಹಾಕು ಅಂತಾರೆ, ಇನ್ನೊಬ್ಬರು ಹಾಕಿದರೆ ನೋಡದೇ ಪಕ್ಕಕ್ಕಿಡುತ್ತಾರೆ ಅಂತಾರೆ. ತಲೆ ಕೆಟ್ಟಿದೆ.

ಕೇಶ್ವಾಪುರ ಎಚ್‌ಆರ್:
ಮೊದಲು ಆ ಆಬ್ಜೆಕ್ಟಿವ್ ತೆಗೀರಿ. "ಸವಾಲಿನ ವಾತಾವರಣದಲ್ಲಿ ನನ್ನ ಕೌಶಲ ಬಳಸಿ ಸಂಸ್ಥೆಯ ಬೆಳವಣಿಗೆಗೆ..." ಅಂತ ತಾನೇ ಇರೋದು? ನನ್ನ ಮೇಜಿಗೆ ಬರುವ ಬಹುತೇಕ ಬಯೋಡಾಟಾ ಇದೇ ಸಾಲಿನಿಂದ ಶುರುವಾಗುತ್ತವೆ, ಹಾಗಾಗಿ ಕಣ್ಣು ತಾನಾಗೇ ಅದನ್ನು ದಾಟಿ ಕೆಳಗೆ ಹೋಗುತ್ತದೆ. ಆ ಜಾಗದಲ್ಲಿ ಎರಡೇ ಸಾಲು ಸಾಕು: ನೀವು ಯಾರು, ಏನು ಬರುತ್ತೆ, ಎಷ್ಟು ವರ್ಷದ ಕೆಲಸ. ಹವ್ಯಾಸ ಕ್ರಿಕೆಟ್, ಹಾಡು ಕೇಳುವುದು, ಇದೆಲ್ಲ ಹೋಗಲಿ. ಡಿಕ್ಲರೇಷನ್ ಕೂಡ ಹೋಗಲಿ. ಪಾಸ್‌ಪೋರ್ಟ್ ನಂಬರ್, ಆಧಾರ್ ನಂಬರ್ ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ. ಸಿವಿ ಎಲ್ಲೆಲ್ಲಿ ಓಡಾಡುತ್ತೆ, ಯಾರ್ಯಾರ ಕೈಗೆ ಹೋಗುತ್ತೆ ಹೇಳಕ್ಕಾಗಲ್ಲ. ಪಾಸ್‌ಪೋರ್ಟ್ ಇದೆ, ಇಂಥ ವರ್ಷದವರೆಗೆ ಚಾಲ್ತಿ ಇದೆ, ಅಷ್ಟು ಸಾಕು.

ಮನೆ ವಿಳಾಸವೂ ಪೂರ್ತಿ ಬೇಡ. ಎರಡನೇ ಕ್ರಾಸ್, ಹನುಮಪ್ಪನ ಗುಡಿ ಹಿಂದೆ, ನೀರಿನ ಟಾಕಿ ಹತ್ತಿರ ಅಂತ ಬರೆದರೆ ಜರ್ಮನಿಯವರೇನು ಪೋಸ್ಟ್‌ಮ್ಯಾನ್ ಕಳಿಸೋದಿಲ್ಲ. ಹುಬ್ಬಳ್ಳಿ, ಕರ್ನಾಟಕ, ಭಾರತ. ಫೋನ್ ನಂಬರಿನ ಮುಂದೆ +91. ಮುಗೀತು.

ಇನ್ನು ಎರಡೂ ದೇಶಕ್ಕೆ ಒಂದೇ ಸಿವಿ ನಡೆಯಲ್ಲ. ಫೋಟೊ ಬಗ್ಗೆ ಇಬ್ಬರೂ ಹೇಳಿದ್ದು ನಿಜ, ಬೇರೆ ಬೇರೆ ದೇಶದ ಮಾತು ಅಷ್ಟೆ. ಗಲ್ಫ್‌ಗೆ ಹಾಕಿ. ಬ್ರಿಟನ್, ಅಮೆರಿಕ, ಕೆನಡಾಕ್ಕೆ ಹಾಕಬೇಡಿ. ಜರ್ಮನಿ ನಡುವೆ ಎಲ್ಲೋ ಇದೆ, ಅಲ್ಲಿದ್ದವರು ಯಾರಾದರೂ ಹೇಳಲಿ.

ಸಪ್ತಾಪುರ ಸರ್:
ಇಷ್ಟೆಲ್ಲ ತಲೆಬಿಸಿ ಯಾಕ್ರೀ? ಅಲ್ಲಿ ಪರಿಚಯದವರು ಒಬ್ಬರಿದ್ದರೆ ಸಾಕು, ಸಿವಿ ಹೇಗಿದ್ದರೂ ಕೆಲಸ ಆಗುತ್ತೆ. ಇಲ್ಲಾಂದ್ರೆ ಎಷ್ಟು ಚಂದ ಬರೆದರೂ ಆಗಲ್ಲ. ಧಾರವಾಡದಲ್ಲಿ ಕೂತು ನೂರಾರು ಹುಡುಗರನ್ನು ನೋಡಿದ್ದೇನೆ.

ಮಾಳಮಡ್ಡಿ ಟು ಸ್ಟುಟ್‌ಗಾರ್ಟ್:
ಸರ್, ಪರಿಚಯದಿಂದ ಉಪಯೋಗ ಇದೆ, ಇಲ್ಲ ಅನ್ನಲ್ಲ. ಆದರೆ ನಾನು ಇಲ್ಲಿ ಯಾರದ್ದಾದರೂ ಸಿವಿ ಕೊಟ್ಟರೆ ನಮ್ಮ ಮ್ಯಾನೇಜರ್ ಅದನ್ನು ಎಚ್‌ಆರ್‌ಗೆ ಕಳಿಸುತ್ತಾರೆ, ಎಚ್‌ಆರ್ ಎಲ್ಲರ ಅರ್ಜಿ ಹೋಗುವ ಅದೇ ಸಿಸ್ಟಮ್‌ಗೆ ಹಾಕುತ್ತಾರೆ. ನನ್ನ ಪರಿಚಯದಿಂದ ಬಾಗಿಲು ತೆಗೆಯಬಹುದು, ಅದರ ಆಚೆ ಕಾಗದವೇ ಮಾತಾಡಬೇಕು.

ಈಗ ಜರ್ಮನಿ ವಿಷಯ. ಇಲ್ಲಿನವರು ಸಿವಿಗೆ ಲೇಬೆನ್ಸ್‌ಲೌಫ್ ಅಂತಾರೆ. ಎರಡು ಪುಟ, ಟೇಬಲ್ ತರಹ, ಎಡಗಡೆ ತಿಂಗಳು ಮತ್ತು ವರ್ಷ, ಬಲಗಡೆ ಏನು ಮಾಡಿದ್ದು. ಹೊಸದು ಮೇಲೆ, ಹಳೆಯದು ಕೆಳಗೆ. ನಡುವೆ ಖಾಲಿ ಬಿಡಬಾರದು. ಡಿಪ್ಲೊಮಾ ಮುಗಿದು ಒಂದು ವರ್ಷ ಮನೆಯಲ್ಲಿದ್ದರೆ, ಹೊಲ ನೋಡಿಕೊಂಡಿದ್ದರೆ, ಹಾಗೇ ಬರೀರಿ. ಇವರಿಗೆ ಖಾಲಿ ವರ್ಷ ಕಂಡರೆ ಅನುಮಾನ, ಹೊಲದ ಕೆಲಸ ಕಂಡರೆ ಅನುಮಾನ ಇಲ್ಲ. ಕೊನೆಗೆ ಊರು, ತಾರೀಖು, ಸಹಿ ಹಾಕುವ ರೂಢಿ ಇನ್ನೂ ಇದೆ. ಹಾಗಾಗಿ ನಿಮ್ಮ ಬಯೋಡಾಟಾದ ಸಹಿ ಜರ್ಮನಿಗೆ ಬಂದರೆ ನಡೆಯುತ್ತೆ, ಅದರ ಮೇಲಿನ ಡಿಕ್ಲರೇಷನ್ ಬೇಡ.

ಫೋಟೊ: 2006ರಲ್ಲಿ ತಾರತಮ್ಯದ ವಿರುದ್ಧ ಒಂದು ಕಾಯ್ದೆ ಬಂತು. ಆಮೇಲೆ ಕಂಪನಿಗಳು ಫೋಟೊ ಕಡ್ಡಾಯ ಅನ್ನುವಂತಿಲ್ಲ. ಆದರೂ ಬಹಳ ಜನ ಹಾಕುತ್ತಾರೆ. ಹಾಕಿದರೆ ಸ್ಟುಡಿಯೋದಲ್ಲಿ ತೆಗೆಸಿದ್ದು ಹಾಕಿ, ಮದುವೆಯಲ್ಲಿ ತೆಗೆದ ಗ್ರೂಪ್ ಫೋಟೊ ಕತ್ತರಿಸಿ ಹಾಕಬೇಡಿ (ನಗಬೇಡಿ, ಬಂದಿವೆ).

ಮಾರ್ಕ್ಸ್ ಬರೆಯುವಾಗ ಎಷ್ಟಕ್ಕೆ ಎಷ್ಟು ಅಂತ ಬರೀರಿ. ಇಲ್ಲಿನ ಲೆಕ್ಕದಲ್ಲಿ 1 ಅಂದರೆ ಅತಿ ಒಳ್ಳೆಯದು, 4 ದಾಟಿದರೆ ಫೇಲ್. ಸುಮ್ನೆ 8.2 ಅಂತ ಬರೆದರೆ ಅವರಿಗೆ ಏನೂ ತಿಳಿಯಲ್ಲ. ಡಿಪ್ಲೊಮಾ ಅಂದರೇನು ಅಂತಲೂ ಒಂದು ಸಾಲು ಬೇಕು: ಹತ್ತನೇ ಕ್ಲಾಸ್ ನಂತರ ಮೂರು ವರ್ಷದ ಪೂರ್ಣಾವಧಿ ಕೋರ್ಸ್, ರಾಜ್ಯ ಸರ್ಕಾರದ ತಾಂತ್ರಿಕ ಶಿಕ್ಷಣ ಇಲಾಖೆಯ ಪರೀಕ್ಷೆ. ಇದು ಸಣ್ಣ ವಿಷಯ ಅಲ್ಲ. 2024ರ ಮಾರ್ಚ್‌ನಿಂದ ಇಲ್ಲಿನ ವೀಸಾ ನಿಯಮ ಸ್ವಲ್ಪ ಸಡಿಲ ಆಗಿದೆ. ನಮ್ಮ ದೇಶದಲ್ಲಿ ಸರ್ಕಾರ ಮಾನ್ಯ ಮಾಡಿದ, ಕನಿಷ್ಠ ಎರಡು ವರ್ಷದ ತರಬೇತಿ ಆಗಿರಬೇಕು, ಅದೇ ಕ್ಷೇತ್ರದಲ್ಲಿ ಕನಿಷ್ಠ ಎರಡು ವರ್ಷ ಕೆಲಸ ಮಾಡಿರಬೇಕು. ಸಂಬಳ ಅವರು ಹೇಳಿದ ಮಿತಿಗಿಂತ ಕಡಿಮೆ ಇರಬಾರದು. ಇಷ್ಟಿದ್ದರೆ ನಮ್ಮ ಓದಿಗೆ ಜರ್ಮನ್ ಮಾನ್ಯತೆ ಇಲ್ಲದೆಯೂ ಹಲವು ಕೆಲಸಕ್ಕೆ ಬರಬಹುದು. ಸಂಬಳದ ಮಿತಿ ವರ್ಷ ವರ್ಷ ಬದಲಾಗುತ್ತೆ, ಸರ್ಕಾರದ್ದೇ ಆದ ಮೇಕ್ ಇಟ್ ಇನ್ ಜರ್ಮನಿ ಅನ್ನೋ ತಾಣದಲ್ಲಿ ನೋಡಿಕೊಳ್ಳಿ. ಸಿವಿಯಲ್ಲಿ ಆ ಮೂರು ವರ್ಷ, ಆ ಏಳು ವರ್ಷ ಎರಡೂ ಎದ್ದು ಕಾಣಬೇಕು ಅನ್ನೋದಕ್ಕೆ ಇದೇ ಕಾರಣ.

ಮತ್ತೆ ಕೆಲಸದ ಬಗ್ಗೆ ಏನು ಬರೆದಿದ್ದೀರಿ? ಅದನ್ನ ಇಲ್ಲಿ ಹಾಕಿ ನೋಡೋಣ.

ಗೋಕುಲ ರೋಡ್ ಸಿಎನ್‌ಸಿ:
ಅಣ್ಣಾರೆ, ಇದಿಷ್ಟೇ ಇದೆ: "ಸಿಎನ್‌ಸಿ ಆಪರೇಟರ್ ಆಗಿ ಕೆಲಸ. ಪ್ರೋಗ್ರಾಂ, ಸೆಟ್ಟಿಂಗ್, ಪ್ರೊಡಕ್ಷನ್, ಕ್ವಾಲಿಟಿ ನೋಡಿಕೊಳ್ಳುವುದು. ಟೀಮ್ ಜೊತೆ ಹೊಂದಿಕೊಂಡು ಕೆಲಸ ಮಾಡುತ್ತೇನೆ."

ಮಾಳಮಡ್ಡಿ ಟು ಸ್ಟುಟ್‌ಗಾರ್ಟ್:
ಹುಬ್ಬಳ್ಳಿ ವಾಲ್ವ್ ಕೆಲಸ ಅಂದರೆ ಹೆಸರಿರುವ ಕೆಲಸ, ಅದು ಈ ಸಾಲಿನಲ್ಲಿ ಎಲ್ಲೂ ಇಲ್ಲವಲ್ಲ ತಮ್ಮಾ. ಮೆಷಿನ್ ನಡೆಸುವ ಕಂಟ್ರೋಲ್ ಯಾವ ಕಂಪನಿಯದ್ದು, ಫಾನುಕ್ಕಾ ಸೀಮೆನ್ಸಾ? ಯಾವ ಮೆಟೀರಿಯಲ್? ಟಾಲರೆನ್ಸ್ ಎಷ್ಟು? ಪ್ರೋಗ್ರಾಂ ಕೈಯಿಂದ ಬರೀತೀರಾ ಇಲ್ಲಾ ಬೇರೆಯವರು ಬರೆದದ್ದನ್ನು ಓಡಿಸ್ತೀರಾ? ಯಾವುದರಿಂದ ಅಳೀತೀರಿ? ಹೊಸ ಜಾಬ್ ಬಂದರೆ ಮೊದಲ ಪೀಸ್ ಯಾರು ಪಾಸ್ ಮಾಡೋದು?

ಗೋಕುಲ ರೋಡ್ ಸಿಎನ್‌ಸಿ:
ಫಾನುಕ್. ಎರಡು ಲೇಥ್, ಒಂದು ವಿಎಂಸಿ (ವರ್ಟಿಕಲ್ ಮಿಲ್ಲಿಂಗ್ ಮೆಷಿನ್). ಎಸ್‌ಎಸ್ 304, 316, ಕಾರ್ಬನ್ ಸ್ಟೀಲ್ ಕಾಸ್ಟಿಂಗ್. ವಾಲ್ವ್ ಬಾಡಿ, ಸ್ಟೆಮ್, ಸೀಟ್ ರಿಂಗ್ ಮಾಡ್ತೀವಿ. ಸ್ಟೆಮ್ ಮೇಲೆ 20 ಮೈಕ್ರಾನ್ ಒಳಗೆ ಹಿಡಿಯಬೇಕು. ಪ್ರೋಗ್ರಾಂ ನಾನೇ ಬರೆಯೋದು, ಜಿ-ಕೋಡ್. ಮೈಕ್ರೋಮೀಟರ್, ಬೋರ್ ಗೇಜ್, ಥ್ರೆಡ್ ಗೇಜ್. ಮೊದಲ ಪೀಸ್ ನಾನೇ ನೋಡಿ ಕ್ಯೂಸಿಗೆ (ಕ್ವಾಲಿಟಿ ತಪಾಸಣೆಯವರಿಗೆ) ಕೊಡ್ತೀನಿ. ಹೊಸ ಹುಡುಗರು ಬಂದರೆ ನನ್ನ ಹತ್ತಿರವೇ ಬಿಡ್ತಾರೆ. ಇದೆಲ್ಲ ದಿನದ ಕೆಲಸ ಅಲ್ವಾ, ಬರೀಬೇಕಾ?

ಮಾಳಮಡ್ಡಿ ಟು ಸ್ಟುಟ್‌ಗಾರ್ಟ್:
ಅದನ್ನೇ ಬರೀಬೇಕು! ಇನ್ನೇನು ಬರೀತೀರಿ? ನೋಡಿ, ಹೀಗೆ ಮಾಡಿ: "ಸಿಎನ್‌ಸಿ ಸೆಟ್ಟರ್ ಮತ್ತು ಪ್ರೋಗ್ರಾಮರ್. ಫಾನುಕ್ ಕಂಟ್ರೋಲ್‌ನ ಎರಡು ಲೇಥ್, ಒಂದು ವಿಎಂಸಿ. ಇಂಡಸ್ಟ್ರಿಯಲ್ ವಾಲ್ವ್‌ನ ಬಾಡಿ, ಸ್ಟೆಮ್, ಸೀಟ್ ರಿಂಗ್ ತಯಾರಿ. ಸ್ಟೇನ್‌ಲೆಸ್ ಸ್ಟೀಲ್ 304, 316 ಮತ್ತು ಕಾರ್ಬನ್ ಸ್ಟೀಲ್ ಕಾಸ್ಟಿಂಗ್. ಜಿ-ಕೋಡ್ ಪ್ರೋಗ್ರಾಂ ಸ್ವತಃ ಬರೆಯುವುದು, ಸ್ಟೆಮ್‌ಗೆ 20 ಮೈಕ್ರಾನ್ ಟಾಲರೆನ್ಸ್. ಮೊದಲ ಪೀಸ್ ತಪಾಸಣೆ. ಹೊಸ ಆಪರೇಟರ್‌ಗಳಿಗೆ ತರಬೇತಿ." ಇಷ್ಟೇ, ಇಂಗ್ಲಿಷ್‌ನಲ್ಲಿ ಚಿಕ್ಕ ಚಿಕ್ಕ ಸಾಲು ಮಾಡಿ. ಆಪರೇಟರ್ (ಬರೀ ಮೆಷಿನ್ ಓಡಿಸುವವ) ಅಂತ ಬರೆದುಕೊಂಡು ಸೆಟ್ಟರ್ (ಮೆಷಿನ್ ಸಜ್ಜು ಮಾಡುವವ) ಕೆಲಸ ಮಾಡ್ತಿದ್ದೀರಿ, ಎರಡಕ್ಕೂ ಇಲ್ಲಿ ಸಂಬಳದಲ್ಲಿ ಬಹಳ ಫರಕಿದೆ. ಕಂಪನಿ ಕೊಟ್ಟ ಹುದ್ದೆಯ ಹೆಸರು ಆಪರೇಟರ್ ಅಂತಲೇ ಇದ್ದರೆ ಅದನ್ನೂ ಪಕ್ಕದಲ್ಲಿ ಬರೀರಿ, ಲೆಟರ್ ಜೊತೆ ತಾಳೆ ಆಗಬೇಕಲ್ಲ.

ಇನ್ನೊಂದು. ಇಲ್ಲಿ ಮೆಟೀರಿಯಲ್‌ಗೆ ನಂಬರಿನಿಂದ ಕರೀತಾರೆ. 304 ಅಂದರೆ 1.4301, 316 ಅಂದರೆ 1.4401. ಪಕ್ಕದಲ್ಲಿ ಆ ನಂಬರ್ ಹಾಕಿ. ಓದುವ ಫೋರ್‌ಮನ್‌ಗೆ ಈ ಹುಡುಗನಿಗೆ ನಮ್ಮ ಭಾಷೆ ಗೊತ್ತಿದೆ ಅನಿಸುತ್ತೆ.

ರಾಣೆಬೆನ್ನೂರು ವೆಲ್ಡರ್:
ಗಲ್ಫ್ ಬಗ್ಗೆ ನಾನು ಹೇಳ್ತೀನಿ, ಸೌದಿ, ಕತಾರ್ ಎರಡೂ ಕಡೆ ಕೆಲಸ ಮಾಡಿ ಬಂದಿದ್ದೇನೆ. ಅಲ್ಲಿಗೆ ಫೋಟೊ ಬೇಕು. ಹುಟ್ಟಿದ ತಾರೀಖು, ನ್ಯಾಷನಾಲಿಟಿ, ಪಾಸ್‌ಪೋರ್ಟ್ ಎಲ್ಲಿವರೆಗೆ, ಈಗ ಎಲ್ಲಿದ್ದೀರಿ, ಎಷ್ಟು ದಿನದಲ್ಲಿ ಬರಬಹುದು, ಗಲ್ಫ್ ಡ್ರೈವಿಂಗ್ ಲೈಸೆನ್ಸ್ ಇದೆಯಾ, ಇವೆಲ್ಲ ಮೇಲೆಯೇ ಇರಲಿ. ಬ್ರಿಟನ್‌ಗೆ ಬೇಡ ಅಂದದ್ದೇ ಇಲ್ಲಿ ಮೊದಲು ನೋಡೋದು.

ನಮ್ಮ ವೆಲ್ಡಿಂಗ್ ಹುಡುಗರು "ಎಲ್ಲಾ ವೆಲ್ಡಿಂಗ್ ಬರುತ್ತೆ" ಅಂತ ಬರೀತಾರೆ. ಎಲ್ಲಾ ಅಂದರೆ ಏನೂ ಇಲ್ಲ ಅಂತಲೇ ಲೆಕ್ಕ. ಟಿಗ್ಗಾ ಆರ್ಕಾ, 6ಜಿ ಪೊಸಿಷನ್ (ಓರೆಯಾಗಿ ಬಿಗಿದಿಟ್ಟ ಪೈಪ್ ವೆಲ್ಡಿಂಗ್) ಆಗಿದೆಯಾ, ಪೈಪ್ ಎಷ್ಟು ಇಂಚು, ಎಷ್ಟು ದಪ್ಪ, ಎಕ್ಸ್‌ರೇ ಪಾಸ್ ಆಗಿದೆಯಾ, ಯಾವ ಕೋಡ್ ಪ್ರಕಾರ ಟೆಸ್ಟ್ ಕೊಟ್ಟಿದ್ದು, ಎಎಸ್‌ಎಂಇ ಸೆಕ್ಷನ್ 9 ಆ? ಇಷ್ಟು ಬರೆದರೆ ಒಂದೇ ಪುಟ ಆಗುತ್ತೆ, ಕರೆಯೋದೂ ಅಂಥವರನ್ನೇ.

ಏಜೆಂಟ್ ವಿಷಯ ಎಚ್ಚರ. ನಮ್ಮ ಊರ ಕಡೆಯ ಒಬ್ಬ ಹುಡುಗನಿಗೆ ಏಜೆಂಟೇ ಸಿವಿ ಬರೆದುಕೊಟ್ಟ, ಅದರಲ್ಲಿ ಹೋಗಿಯೇ ಇಲ್ಲದ ದೇಶದ ಎರಡು ವರ್ಷ ಅನುಭವ ಸೇರಿಸಿದ್ದ. ಟ್ರೇಡ್ ಟೆಸ್ಟ್‌ನಲ್ಲಿ ಆ ಪ್ರಾಜೆಕ್ಟ್ ಬಗ್ಗೆಯೇ ಕೇಳಿದರು. ಅವನ ಕೈ ಕೆಲಸ ನನಗಿಂತ ಚೊಲೋ ಇತ್ತು, ಸುಳ್ಳು ಸೇರಿಸದಿದ್ದರೂ ಪಾಸ್ ಆಗ್ತಿದ್ದ. ಸಿವಿ ಯಾರೇ ಟೈಪ್ ಮಾಡಲಿ, ಕಳಿಸುವ ಮುಂಚೆ ನೀವೊಮ್ಮೆ ಸಾಲು ಸಾಲು ಓದಿ. ಏಜೆಂಟ್ ಭಾರತ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದ್ದಾನಾ ನೋಡಿ. ನೋಂದಾಯಿತ ಏಜೆಂಟ್ ಸೇವಾ ಶುಲ್ಕ ಅಂತ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತಗೊಳ್ಳುವಂತಿಲ್ಲ, ಅದಕ್ಕೂ ರಸೀದಿ ಕೊಡಬೇಕು. ಹತ್ತನೇ ಪಾಸ್ ಆಗದವರ ಪಾಸ್‌ಪೋರ್ಟ್ ಇಸಿಆರ್ ಅಂತ ಬರುತ್ತೆ, ಅವರು ಗಲ್ಫ್‌ಗೆ ಕೆಲಸಕ್ಕೆ ಹೋಗಲು ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು. ಡಿಪ್ಲೊಮಾದವರಿಗೆ ಆ ತೊಂದರೆ ಇಲ್ಲ.

ಗದಗ ಸಿಸ್ಟರ್:
ನರ್ಸಿಂಗ್ ಹುಡುಗಿಯರು ಯಾರಾದರೂ ಓದುತ್ತಿದ್ದರೆ ನನ್ನದೂ ಸೇರಿಸುತ್ತೇನೆ. ನಮ್ಮಲ್ಲಿ ಸಿವಿ ಅಂದರೆ ಬರೀ "ಸ್ಟಾಫ್ ನರ್ಸ್, ಇಂಥ ಆಸ್ಪತ್ರೆ". ಎಷ್ಟು ಹಾಸಿಗೆಯ ಆಸ್ಪತ್ರೆ, ಯಾವ ವಾರ್ಡು, ಐಸಿಯು ಆದರೆ ಒಬ್ಬರಿಗೆ ಎಷ್ಟು ರೋಗಿ, ವೆಂಟಿಲೇಟರ್ ನೋಡಿಕೊಂಡಿದ್ದೀರಾ, ಇದು ಬೇಕು. ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ ಬೇಕು. ಇಂಗ್ಲಿಷ್ ಪರೀಕ್ಷೆ ಆಗಿದ್ದರೆ ಅಂಕ ಸಮೇತ ಮೇಲೆ ಹಾಕಿ. ಬ್ರಿಟನ್‌ನ ಎನ್‌ಎಂಸಿ (ಅಲ್ಲಿನ ನರ್ಸಿಂಗ್ ಕೌನ್ಸಿಲ್) ಐಇಎಲ್‌ಟಿಎಸ್‌ ಇಂಗ್ಲಿಷ್ ಪರೀಕ್ಷೆಯಲ್ಲಿ ಓದು, ಕೇಳು, ಮಾತು ಮೂರಕ್ಕೂ 7 ಕೇಳುತ್ತೆ, ಬರೆಯೋದಕ್ಕೆ 6.5. ಒಇಟಿ (ಆಸ್ಪತ್ರೆ ಕೆಲಸದವರ ಇಂಗ್ಲಿಷ್ ಪರೀಕ್ಷೆ) ಕೊಟ್ಟರೂ ನಡೆಯುತ್ತೆ. ಜರ್ಮನಿಗೆ ನರ್ಸ್ ಆಗಿ ಹೋಗಬೇಕಾದರೆ ಸಾಮಾನ್ಯವಾಗಿ ಜರ್ಮನ್ ಭಾಷೆ ಬಿ2 ಮಟ್ಟದ್ದು ಬೇಕು (ಎ1 ಎಲ್ಲಕ್ಕಿಂತ ಕೆಳಗಿನದು, ಸಿ2 ಎಲ್ಲಕ್ಕಿಂತ ಮೇಲಿನದು).

ಗಲ್ಫ್‌ನಲ್ಲಿ ಡೇಟಾಫ್ಲೋ ಅಂತ ಪರಿಶೀಲನೆ ಇದೆ. ಅವರು ನೀವು ಕೊಟ್ಟ ಕಾಗದ ನೋಡಿ ಸುಮ್ಮನಾಗಲ್ಲ, ನೇರ ನಿಮ್ಮ ಕಾಲೇಜಿಗೆ, ಹಳೇ ಆಸ್ಪತ್ರೆಗೆ ಬರೆದು ಕೇಳುತ್ತಾರೆ. ಸಿವಿಯಲ್ಲಿ ಜೂನ್ ಅಂತ ಇದ್ದು ಆಸ್ಪತ್ರೆ ಆಗಸ್ಟ್ ಅಂದರೆ ಆಯಿತು, ಕೂತಲ್ಲೇ ಕೂರಬೇಕು. ಬರೆಯುವ ಮೊದಲೇ ಎಲ್ಲಾ ಎಕ್ಸ್‌ಪೀರಿಯನ್ಸ್ ಲೆಟರ್ ಮುಂದಿಟ್ಟುಕೊಂಡು ತಾರೀಖು ನೋಡಿ ಬರೀರಿ, ನೆನಪಿನಿಂದ ಬೇಡ.

ಒಂದಕ್ಕೆ ಮಾತ್ರ ಎಚ್‌ಆರ್ ಸರ್ ಜೊತೆ ನನ್ನ ತಕರಾರು. ಬ್ರಿಟನ್‌ಗೆ ಫೋಟೊ ಹಾಕಿದರೆ ಏನೂ ಆಗಲ್ಲ, ನನ್ನ ಜೊತೆಯವರು ಹಾಕಿದ್ದರು, ಕೆಲಸ ಸಿಕ್ಕಿದೆ.

ಕೇಶ್ವಾಪುರ ಎಚ್‌ಆರ್:
ಸಿಕ್ಕಿರಬಹುದು ಅಕ್ಕಾರೆ. ನರ್ಸ್‌ಗಳ ಕೊರತೆ ಇರುವಲ್ಲಿ ಫೋಟೊ ಇದ್ದರೂ ಕಣ್ಣು ಮುಚ್ಚಿಕೊಂಡು ಮುಂದೆ ಹೋಗುತ್ತಾರೆ. ಆದರೆ ಬ್ರಿಟನ್‌ನಲ್ಲಿ 2010ರ ಸಮಾನತಾ ಕಾಯ್ದೆ ಇದೆ. ವಯಸ್ಸು, ಬಣ್ಣ, ಧರ್ಮ, ಮದುವೆ ನೋಡಿ ತೀರ್ಮಾನ ಮಾಡಿದರು ಅಂತ ದೂರು ಬರಬಾರದು ಅಂತ ಕಂಪನಿಗಳೇ ಆ ಮಾಹಿತಿ ಕೈಯಲ್ಲಿ ಇಟ್ಟುಕೊಳ್ಳಲು ಇಷ್ಟಪಡಲ್ಲ. ಬೇಡ ಅಂದಮೇಲೆ ಯಾಕೆ ಕೊಡಬೇಕು?

ಗದಗ ಸಿಸ್ಟರ್:
ಸರಿ, ಅದು ಒಪ್ಪುವ ಮಾತು. ಆದರೂ ಒಂದು ಫೋಟೊಗೆ ಇಷ್ಟು ಹೆದರಬೇಕಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಲಕ್ಷ್ಮೇಶ್ವರದ ಹುಡುಗಿ:
ಯಾರೂ ಡಿಟಿಪಿ ಅಂಗಡಿಯ ವಿಷಯ ಎತ್ತಲಿಲ್ಲವಲ್ಲ! ನಾನು ಸಾಫ್ಟ್‌ವೇರ್‌ನಲ್ಲಿದ್ದೇನೆ, ಡಬ್ಲಿನ್‌ನಲ್ಲಿ. ಕೋರೆಲ್‌ಡ್ರಾದಲ್ಲಿ ಮಾಡಿಕೊಟ್ಟ ಬಯೋಡಾಟಾ ಆದರೆ ಅಪಾಯ. ಲಗ್ನಪತ್ರಿಕೆ ಮಾಡುವ ಹಾಗೆ ಅಕ್ಷರಗಳನ್ನು ಕರ್ವ್ ಮಾಡಿ ಪಿಡಿಎಫ್ ತೆಗೆದುಬಿಟ್ಟಿರುತ್ತಾರೆ. ಕಣ್ಣಿಗೆ ಅಕ್ಷರ, ಕಂಪ್ಯೂಟರ್‌ಗೆ ಬರೀ ಗೆರೆ. ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿದ್ದೂ ಹಾಗೇ. ದೊಡ್ಡ ಕಂಪನಿಗಳಲ್ಲಿ ಅರ್ಜಿ ಮೊದಲು ಒಂದು ಸಾಫ್ಟ್‌ವೇರ್‌ಗೆ ಹೋಗುತ್ತೆ, ಎಟಿಎಸ್ ಅಂತಾರೆ, ಅದು ಹೆಸರು, ಕೆಲಸ, ವರ್ಷ ಎಲ್ಲ ಬೇರೆ ಬೇರೆ ಮಾಡಿ ಜೋಡಿಸುತ್ತೆ. ಎರಡು ಕಾಲಂ, ಬಾಕ್ಸ್, ಸ್ಕಿಲ್‌ಗೆ ಐದು ಸ್ಟಾರ್, ಇವೆಲ್ಲ ಅದಕ್ಕೆ ಗೊಂದಲ. ಜರ್ಮನಿಯ ಟೇಬಲ್ ಕೂಡ ಸರಳವಾಗಿರಲಿ.

ಪರೀಕ್ಷೆ ಮಾಡೋದು ಸುಲಭ. ಪಿಡಿಎಫ್ ತೆರೆದು ಎಲ್ಲಾ ಸೆಲೆಕ್ಟ್ ಮಾಡಿ ಕಾಪಿ ಮಾಡಿ, ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ಏನೂ ಬರದಿದ್ದರೆ ಆ ಫೈಲ್ ಎಸೀರಿ. ಸಾಲುಗಳು ಕಲಸಿಕೊಂಡು ಬಂದರೆ ಎಟಿಎಸ್‌ಗೂ ಹಾಗೇ ಕಾಣುತ್ತೆ. ಯುರೋಪಿಗೆ ಆದರೆ ಯುರೋಪಾಸ್ ಅಂತ ಯುರೋಪಿಯನ್ ಯೂನಿಯನ್‌ನವರದ್ದೇ ಉಚಿತ ಸಿವಿ ಮಾದರಿ ಇದೆ, ಶುರು ಮಾಡೋದಕ್ಕೆ ಪರವಾಗಿಲ್ಲ. ಅಷ್ಟೇನೂ ಚಂದ ಇಲ್ಲ, ನನಗಂತೂ ಹಿಡಿಸಲ್ಲ, ಆದರೆ ಡಿಟಿಪಿಯ ಹೂವಿನ ಬಾರ್ಡರ್‌ಗಿಂತ ವಾಸಿ.

ತಾರೀಖು ಬರೆಯುವಾಗ ತಿಂಗಳನ್ನು ಅಕ್ಷರದಲ್ಲಿ ಬರೀರಿ. 03/04 ಅಂದರೆ ನಮಗೆ ಏಪ್ರಿಲ್ ಮೂರು, ಅಮೆರಿಕದವರಿಗೆ ಮಾರ್ಚ್ ನಾಲ್ಕು.

ಸಪ್ತಾಪುರ ಸರ್:
ಚಾಟ್‌ಜಿಪಿಟಿಗೆ ಹೇಳಿದರೆ ಎರಡು ನಿಮಿಷದಲ್ಲಿ ಬರೆದು ಕೊಡುತ್ತಲ್ಲ, ಇಷ್ಟು ಉದ್ದ ಚರ್ಚೆ ಯಾಕೆ?

ಲಕ್ಷ್ಮೇಶ್ವರದ ಹುಡುಗಿ:
ಇಂಗ್ಲಿಷ್ ತಿದ್ದೋದಕ್ಕೆ ಬಳಸಲಿ ಸರ್, ಬೇಡ ಅನ್ನಲ್ಲ. ಆದರೆ ಆ 20 ಮೈಕ್ರಾನ್ ಅದಕ್ಕೆ ಹೇಗೆ ಗೊತ್ತಾಗಬೇಕು? ಮಾಳಮಡ್ಡಿ ಅಣ್ಣ ಕೇಳಿದ ಪ್ರಶ್ನೆಗೆ ಉತ್ತರ ಕೊಡದಿದ್ದರೆ ಅದೂ ಆಬ್ಜೆಕ್ಟಿವ್ ತರಹದ್ದೇ ಬರೆದು ಕೊಡುತ್ತೆ, ಇನ್ನೂ ಉದ್ದ ಮಾಡಿ. ಜೊತೆಗೆ ನೀವು ಹೇಳದ ಸ್ಕಿಲ್ ನಾಲ್ಕು ಸೇರಿಸಿರುತ್ತೆ, ಇಂಟರ್‌ವ್ಯೂನಲ್ಲಿ ಅದನ್ನೇ ಕೇಳ್ತಾರೆ.

ಗೋಕುಲ ರೋಡ್ ಸಿಎನ್‌ಸಿ:
ಎಲ್ಲರಿಗೂ ಬಹಳ ಧನ್ಯವಾದ ರೀ. ಕಾಪಿ ಮಾಡಿ ನೋಡಿದೆ, ಏನೂ ಬರಲಿಲ್ಲ, ಬರೀ ಖಾಲಿ. ಹೊಸದಾಗಿ ಟೈಪ್ ಮಾಡ್ತಿದ್ದೇನೆ. ಇನ್ನು ಎರಡು ಪ್ರಶ್ನೆ. ಒಂದು, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ನನ್ನ ಹೆಸರು, ತಂದೆ ಹೆಸರು, ಅಡ್ಡಹೆಸರು ಮೂರೂ ಇದೆ. ಪಾಸ್‌ಪೋರ್ಟ್‌ನಲ್ಲಿ ತಂದೆ ಹೆಸರು ಇಲ್ಲ. ಸಿವಿಯಲ್ಲಿ ಯಾವುದು? ಎರಡು, ಕಂಪನಿ ಮಾಲೀಕರು ಕೊಟ್ಟ ಎಕ್ಸ್‌ಪೀರಿಯನ್ಸ್ ಲೆಟರ್‌ನಲ್ಲಿ "ಇವರ ನಡತೆ ಚೆನ್ನಾಗಿದೆ" ಅಂತ ಎರಡು ಸಾಲು ಇದೆ ಅಷ್ಟೆ.

ಕೇಶ್ವಾಪುರ ಎಚ್‌ಆರ್:
ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೆ, ಅಕ್ಷರ ಅಕ್ಷರ. ಆಫರ್ ಲೆಟರ್, ವೀಸಾ ಎಲ್ಲಾ ಅದರ ಮೇಲೆಯೇ ಬರೋದು. ಮಾರ್ಕ್ಸ್ ಕಾರ್ಡ್ ಬೇರೆ ಇದ್ದರೆ ಸಿವಿಯಲ್ಲಿ ವಿವರಿಸಬೇಡಿ, ಕೇಳಿದಾಗ ಅಫಿಡವಿಟ್ ಕೊಟ್ಟರಾಯಿತು. ನಮ್ಮ ಕಡೆಯವರಿಗೆ ಅಡ್ಡಹೆಸರು ಇರುವುದು ಇಲ್ಲಿ ಅನುಕೂಲವೇ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರಿಗೆ 2022ರ ನವೆಂಬರ್‌ನಿಂದ ಯುಎಇ ವಿಸಿಟ್ ವೀಸಾಕ್ಕೆ ತೊಂದರೆ ಶುರುವಾಗಿದೆ, ಅಂಥವರು ಮೊದಲೇ ಸರಿ ಮಾಡಿಸಿಕೊಳ್ಳಲಿ.

ಲೆಟರ್ ಬಗ್ಗೆ: ಮಾಲೀಕರಿಗೆ ಬರೆಯೋದಕ್ಕೆ ಪುರುಸೊತ್ತು ಇರಲ್ಲ. ನೀವೇ ಟೈಪ್ ಮಾಡಿಕೊಂಡು ಹೋಗಿ ಓದಿಸಿ, ಸರಿ ಅನಿಸಿದರೆ ಲೆಟರ್‌ಹೆಡ್ ಮೇಲೆ ಹಾಕಿ ಸಹಿ, ಸೀಲು ಮಾಡಲಿ. ಸೇರಿದ ತಾರೀಖು, ಹುದ್ದೆ, ಯಾವ ಮೆಷಿನ್, ಏನೇನು ಕೆಲಸ, ಪೂರ್ಣಾವಧಿ ಅಂತ. ಸಿವಿಯಲ್ಲಿ ಇದ್ದದ್ದೇ ಅಲ್ಲಿರಬೇಕು, ಜಾಸ್ತಿ ಬೇಡ ಕಡಿಮೆಯೂ ಬೇಡ. ಪಿಎಫ್ ಕಟ್ಟಿದ್ದರೆ ಯುಎಎನ್‌ (ನಿಮ್ಮ ಪಿಎಫ್ ನಂಬರ್) ಹಾಕಿ ಲಾಗಿನ್ ಆಗಿ ಸರ್ವಿಸ್ ಹಿಸ್ಟರಿ ತೆಗೆದಿಡಿ. ಸಣ್ಣ ಕಂಪನಿಗಳಲ್ಲಿ ಕೆಲಸಕ್ಕೆ ಸೇರಿ ಎಷ್ಟೋ ತಿಂಗಳ ಮೇಲೆ ಪಿಎಫ್ ಶುರು ಮಾಡಿರುತ್ತಾರೆ. ತಾರೀಖು ಹೊಂದದಿದ್ದರೆ ಮೊದಲ ತಿಂಗಳ ಸಂಬಳದ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಳ್ಳಿ.

ರಾಣೆಬೆನ್ನೂರು ವೆಲ್ಡರ್:
ಮಾಲೀಕರ ಹತ್ತಿರ ಹೋಗುವಾಗ ಹೊರದೇಶ ಅಂತ ಮೊದಲೇ ಹೇಳಬೇಡಿ. ಕೆಲವರು ಅದಕ್ಕೇ ಲೆಟರ್ ಕೊಡೋದಿಲ್ಲ. ಬ್ಯಾಂಕ್ ಲೋನ್‌ಗೆ ಅಂದರೆ ಕೊಡ್ತಾರೆ 😄

ಕೇಶ್ವಾಪುರ ಎಚ್‌ಆರ್:
ಲೋನ್‌ಗೆ ಅಂತ ಹೇಳಿ ಮೆಷಿನ್ ಹೆಸರು, ಮೈಕ್ರಾನ್ ಎಲ್ಲ ಬರೆಸಿದರೆ ಯಾವ ಮಾಲೀಕ ನಂಬ್ತಾನೆ? ಸುಮ್ನೆ ಇದ್ದದ್ದು ಹೇಳಲಿ. ನಾಳೆ ಜರ್ಮನಿಯಿಂದ ಫೋನ್ ಬಂದರೆ ಎತ್ತುವವರು ಅವರೇ ತಾನೇ.

ಗೋಕುಲ ರೋಡ್ ಸಿಎನ್‌ಸಿ:
ಹೇಳಿಯೇ ಕೇಳ್ತೀನಿ ಸರ್, ಅವರು ಒಳ್ಳೆಯವರಿದ್ದಾರೆ. ಕೊನೆಯದು: ಜರ್ಮನ್ ಎ1 ಆನ್‌ಲೈನ್ ಕ್ಲಾಸ್ ಸೇರಿದ್ದೇನೆ, ಇನ್ನೂ ಪರೀಕ್ಷೆ ಆಗಿಲ್ಲ. ಅದನ್ನು ಹಾಕಬಹುದಾ? ಈಗಿರುವ ಬಯೋಡಾಟಾದಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್‌ಗೆ ಓದು, ಬರಹ, ಮಾತು ಅಂತ ಟಿಕ್ ಹಾಕಿದ ಟೇಬಲ್ ಇದೆ.

ಮಾಳಮಡ್ಡಿ ಟು ಸ್ಟುಟ್‌ಗಾರ್ಟ್:
ಖಂಡಿತ ಹಾಕಿ. ಟಿಕ್ ಟೇಬಲ್ ತೆಗೆದು ಎ1ರಿಂದ ಸಿ2 ತನಕದ ಯುರೋಪಿನ ಲೆಕ್ಕದಲ್ಲಿ ಬರೀರಿ: ಕನ್ನಡ ಮಾತೃಭಾಷೆ, ಇಂಗ್ಲಿಷ್ ಇಷ್ಟು, ಜರ್ಮನ್ ಎ1 ಕಲಿಯುತ್ತಿದ್ದೇನೆ, ಪರೀಕ್ಷೆ ಇಂಥ ತಿಂಗಳು. ತಿಂಗಳು ಬರೆದರೆ ನಂಬಿಕೆ ಬರುತ್ತೆ. ಪರೀಕ್ಷೆಗೆ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನಕ್ಕೆ (ಜರ್ಮನ್ ಕಲಿಸುವ, ಪರೀಕ್ಷೆ ನಡೆಸುವ ಸಂಸ್ಥೆ) ಹೋಗಬೇಕಾಗಬಹುದು. ಸೀಟು ಬೇಗ ತುಂಬುತ್ತವೆ, ಈಗಲೇ ನೋಡಿ. ಮೊದಲ ಇಂಟರ್‌ವ್ಯೂನಲ್ಲಿ ಎರಡು ವಾಕ್ಯ ಜರ್ಮನ್‌ನಲ್ಲಿ ಕೇಳಿಯೇ ಕೇಳ್ತಾರೆ, ಹೆಸರು, ಊರು, ಏನು ಕೆಲಸ ಅಂತ. ಅಷ್ಟನ್ನಾದರೂ ಬಾಯಿಪಾಠ ಮಾಡಿಡಿ.

ಮತ್ತೆ ತಮ್ಮಾ, ಫೈಲ್‌ಗೆ "ನ್ಯೂ ಬಯೋಡಾಟಾ ಫೈನಲ್ 2" ಅಂತ ಹೆಸರಿಡಬೇಡ. ನಿನ್ನ ಹೆಸರು, ಸಿವಿ, ಅಷ್ಟೆ. ಆದಮೇಲೆ ಹೆಸರು, ನಂಬರ್ ಮುಚ್ಚಿ ಇಲ್ಲೇ ಹಾಕು, ಜರ್ಮನ್ ಅಕ್ಷರ ತಪ್ಪಿದ್ದರೆ ನಾನು ನೋಡ್ತೀನಿ.